ಕಪಾಳಕ್ಕೆ ಬಾರಿಸಬೇಕು ಅನ್ನಿಸುವ ಹೀರೋಗಳು

ಎಲ್ಲರಿಗೂ ನಮಸ್ಕಾರ.

ಜಪಾನಿನ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲೂ (ಒಂದು ಪಾತ್ರವಾಗಿ ಕಥೆಯೊಳಗೆ ನಡೆಯುವ ವಿಡಿಯೋ ಗೇಮ್‌ಗಳು), ಅನಿಮೆ ಅನ್ನುವ ಕಾರ್ಟೂನ್ ಕಥೆಗಳಲ್ಲೂ ಒಂದು ಜಾತಿಯ ಹುಡುಗ ಮತ್ತೆ ಮತ್ತೆ ಸಿಗುತ್ತಾನೆ. ಕಥೆಗೆ ಅವನೇ ಹೀರೋ. ಆದರೆ ಬಾಯಿ ಬಿಟ್ಟರೆ ಸಾಕು, ನಮಗೆ ಮೈ ಉರಿಯುತ್ತದೆ. ಗೊಣಗುತ್ತಾನೆ, ಮುಖ ಸಿಂಡರಿಸುತ್ತಾನೆ, ಎಡವಟ್ಟಾದರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾನೆ. ಇವತ್ತಿನ ಮಾತು ಅವನ ಬಗ್ಗೆ. ಕಥೆಗಳ ಗುಟ್ಟು ಬಿಟ್ಟುಕೊಡದೆ ಇದನ್ನು ಹೇಳಲು ಆಗುವುದಿಲ್ಲ. ಸ್ಪಾಯ್ಲರ್ ಬೇಡ ಅನ್ನುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಮೊದಲು ಈ ರಗಳೆ ಇರಲಿಲ್ಲ. 1986ರ ಡ್ರಾಗನ್ ಕ್ವೆಸ್ಟ್‌ನ ಹೀರೋಗೆ ನಾವೇ ಹೆಸರಿಡುತ್ತೇವೆ. ಅವನು ಮಾತಾಡುವುದೇ ಇಲ್ಲ. ಮಾತೇ ಆಡದವನ ಮೇಲೆ ಸಿಟ್ಟು ಬರುವುದಾದರೂ ಹೇಗೆ? ಹೀರೋಗಳಿಗೆ ತಮ್ಮದೇ ಬಾಯಿ, ತಮ್ಮದೇ ಸ್ವಭಾವ ಬಂದ ಮೇಲೆ ಜಗಳ ಶುರುವಾಯಿತು.

ಅನಿಮೆಯಲ್ಲಿ ಎಲ್ಲರಿಗಿಂತ ಜಾಸ್ತಿ ಬೈಗುಳ ತಿಂದವನು ಬಹುಶಃ ಶಿಂಜಿ. 1995ರ ಅಕ್ಟೋಬರ್‌ನಲ್ಲಿ ಶುರುವಾದ ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್‌ನ ಹುಡುಗ. ವಯಸ್ಸು 14. ಚಿಕ್ಕವನಿದ್ದಾಗಲೇ ಬಿಟ್ಟುಹೋದ ಅಪ್ಪ ಒಂದು ದಿನ ಕರೆಸಿಕೊಂಡು, ಈ ದೈತ್ಯ ಯಂತ್ರ ಹತ್ತಿ ಯುದ್ಧ ಮಾಡು ಅನ್ನುತ್ತಾನೆ. ಹುಡುಗ ನಡುಗುತ್ತಾನೆ. ಅದಕ್ಕೆ ಇವನೊಬ್ಬ ಅಳುಬುರುಕ ಅಂತ ನಾವು ತೀರ್ಪು ಕೊಟ್ಟುಬಿಟ್ಟೆವು! ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ಆದರೆ ಅದೇ ಕಥೆಯ 1997ರ ಸಿನಿಮಾದ ಶುರುವಿನಲ್ಲಿ, ಆಸ್ಪತ್ರೆಯ ಕೋಣೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ ಹುಡುಗಿಯ ಎದುರು ಅವನು ಮಾಡುವ ಅಸಹ್ಯ ಕೆಲಸವಿದೆಯಲ್ಲ, ಅದನ್ನು ಸಮರ್ಥಿಸಲು ನಾನೂ ಹೋಗುವುದಿಲ್ಲ. ನಿರ್ದೇಶಕ ಹಿದೆಯಾಕಿ ಆನ್ನೊ ಅವರೂ ಸಮರ್ಥಿಸಲಿಲ್ಲ. ತೋರಿಸಿದರು, ಅಷ್ಟೇ.

ಏನೇ ಆದರೂ ಶಿಂಜಿಯನ್ನು ನಾವು ಕುರ್ಚಿಯಲ್ಲಿ ಕೂತು ನೋಡುತ್ತೇವೆ. ಗೇಮ್‌ನಲ್ಲಿ ಆ ಅನುಕೂಲ ಇಲ್ಲ. ಕಂಟ್ರೋಲರ್ ನಮ್ಮ ಕೈಯಲ್ಲೇ ಇರುತ್ತದೆ. ಅವನು ಕಾಲಿಡುವುದು ನಾವು ತಳ್ಳಿದ ಕಡೆಗೆ.

1999ರ ಫೈನಲ್ ಫ್ಯಾಂಟಸಿ 8ರ ಸ್ಕ್ವಾಲ್‌ನನ್ನು ನೋಡಿ. ಕೆಲಸ ಕಳೆದುಕೊಂಡ ಟೀಚರ್ ಕ್ವಿಸ್ಟಿಸ್ ರಾತ್ರಿ ಅವನ ಹತ್ತಿರ ಬಂದು ಮನಸ್ಸು ಬಿಚ್ಚಿದರೆ, ಹೋಗಿ ಗೋಡೆ ಜೊತೆ ಮಾತಾಡಿ ಅನ್ನುತ್ತಾನೆ. ಎಂಥಾ ಹುಡುಗ ಅಲ್ವಾ? ಆದರೆ ಈ ಗೇಮ್‌ನಲ್ಲಿ ಅವನ ಮನಸ್ಸಿನ ಮಾತು ನಮಗೆ ಮಾತ್ರ ತೆರೆಯ ಮೇಲೆ ಕಾಣುತ್ತದೆ. ಜೊತೆಯವರಿಗೆ ಸಿಗುವುದು ಎರಡು ಒರಟು ಪದ, ಇಲ್ಲವೇ ಬರೀ ಮೌನ. ಅನಾಥಾಶ್ರಮದಲ್ಲಿ ಅಕ್ಕನಂತಿದ್ದವಳು ಬಿಟ್ಟುಹೋದ ಮೇಲೆ ಯಾರನ್ನೂ ಹಚ್ಚಿಕೊಳ್ಳಬಾರದು ಅಂತ ತೀರ್ಮಾನ ಮಾಡಿಕೊಂಡ ಮಗು ಅವನು. ಆಮೇಲೆ ಪ್ರಜ್ಞೆ ಇಲ್ಲದ ಗೆಳತಿ ರಿನೋವಾಳನ್ನು ಬೆನ್ನ ಮೇಲೆ ಹೊತ್ತು, ಉದ್ದನೆಯ ರೈಲು ಸೇತುವೆ ಮೇಲೆ ಒಬ್ಬನೇ ನಡೆಯುತ್ತಾನೆ. ನಡೆಸುವವರು ನಾವೇ.

ಆದರೂ ಹೀರೋನ ಜೊತೆ ನಮ್ಮನ್ನೂ ಸಿಕ್ಕಿಸುವ ಈ ತಂತ್ರವನ್ನು ಪೂರ್ತಿಯಾಗಿ ಬಳಸಿ ತೋರಿಸಿದ್ದು ನಾಮ್ಕೋ ಅನ್ನುವ ಗೇಮ್ ಕಂಪನಿಯವರು, 2005ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಟೇಲ್ಸ್ ಆಫ್ ದಿ ಅಬಿಸ್‌ನಲ್ಲಿ. ಹೀರೋ ಹೆಸರು ಲ್ಯೂಕ್. ಡ್ಯೂಕ್ ಮನೆತನದ ಹುಡುಗ, 17 ವರ್ಷ. ಹಳೆಯ ನೆನಪಿಲ್ಲ. ಏಳು ವರ್ಷದಿಂದ ಬಂಗಲೆಯ ಗೋಡೆ ದಾಟಿಲ್ಲ. ಅಕಸ್ಮಾತ್ತಾಗಿ ಹೊರಗೆ ಬಂದವನು ಎಂಗೇವ್ ಅನ್ನುವ ಊರಿನಲ್ಲಿ ಅಂಗಡಿಯ ಸೇಬು ಎತ್ತಿಕೊಂಡು ಕಚ್ಚಿಯೇ ಬಿಡುತ್ತಾನೆ. ದುಡ್ಡು ಕೊಡಬೇಕು ಅಂತಲೇ ಅವನಿಗೆ ಗೊತ್ತಿಲ್ಲ. ಜನ ಕಳ್ಳ ಅನ್ನುತ್ತಾರೆ, ಅವನು ಅವರ ಮೇಲೇ ಹಾರಾಡುತ್ತಾನೆ. ತನ್ನ ಹಿಂದೆ ಓಡಾಡುವ ಪುಟ್ಟ ಪ್ರಾಣಿ ಮ್ಯೂವನ್ನು ಸುಮ್ಮಸುಮ್ಮನೆ ಗೋಳುಹೊಯ್ದುಕೊಳ್ಳುತ್ತಾನೆ. ಗೇಮ್‌ನಲ್ಲಿ ಇದುವರೆಗಿನ ಕಥೆ ಓದಲು ಮೆನು ತೆರೆದರೆ, ಅಲ್ಲಿರುವುದೂ ಲ್ಯೂಕ್ ಬರೆದ ದಿನಚರಿ. ಅವನಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ!

ಅವನು ನಂಬಿರುವುದು ಕತ್ತಿವರಸೆಯ ಗುರು ವ್ಯಾನ್ ಒಬ್ಬನನ್ನೇ. ಆಕ್ಜೆರಿಯುತ್ ಅನ್ನುವ ಗಣಿ ಊರಿನಲ್ಲಿ ವಿಷದ ಹೊಗೆ ತುಂಬಿ ಜನ ನರಳುತ್ತಿರುತ್ತಾರೆ. ಜೊತೆಯವರು ಆರೈಕೆಗೆ ನಿಂತರೆ ಲ್ಯೂಕ್ ದೂರ ನಿಲ್ಲುತ್ತಾನೆ. ನಿನ್ನ ಶಕ್ತಿಯಿಂದ ಊರು ಉಳಿಸಬಹುದು, ನೀನು ಹೀರೋ ಆಗುತ್ತೀಯ ಅಂತ ವ್ಯಾನ್ ಕಿವಿಯೂದಿದ್ದಾನೆ. ಆ ಶಕ್ತಿ ಸಿಡಿದಾಗ ಊರಿನ ನೆಲವನ್ನು ಎತ್ತಿಹಿಡಿದಿದ್ದ ಆಧಾರವೇ ಒಡೆದು ಊರಿಗೆ ಊರೇ ಪಾತಾಳಕ್ಕೆ ಕುಸಿಯುತ್ತದೆ. ಸಾವಿರಾರು ಜನ ಸಾಯುತ್ತಾರೆ. ಆಗ ಲ್ಯೂಕ್ ಕಿರುಚುವುದು ಒಂದೇ ಮಾತು: ನನ್ನ ತಪ್ಪಲ್ಲ, ಗುರುಗಳು ಹೇಳಿದ್ದಕ್ಕೆ ಮಾಡಿದೆ.

ಅಷ್ಟು ಹೊತ್ತು ಅವನನ್ನು ಅಲ್ಲಿಗೆ ನಡೆಸಿಕೊಂಡು ಬಂದವರು ಯಾರು? ಗೇಮ್ ಇಲ್ಲಿ ಇನ್ನೊಂದು ಏಟು ಕೊಡುತ್ತದೆ. ಲ್ಯೂಕ್‌ಗೆ ಪ್ರಜ್ಞೆ ತಪ್ಪುತ್ತದೆ. ನಮ್ಮ ಕೈಗೆ ಬರುವುದು ಆಶ್, ಅಂದರೆ ನಿಜವಾದ ಲ್ಯೂಕ್. ನಾವು ಇಷ್ಟು ಹೊತ್ತು ಆಡಿಸಿದವನು ಆಶ್‌ನ ನಕಲು, ಹುಟ್ಟಿ ಏಳೇ ವರ್ಷ ಆಗಿದೆ. ಆ ಸೇಬಿನ ಪ್ರಸಂಗವನ್ನು ಈಗ ಇನ್ನೊಮ್ಮೆ ನೆನೆಸಿಕೊಳ್ಳಿ. ಅವನಿಗೆ ಬೈದದ್ದಕ್ಕೆ ನಮಗೇ ಕಸಿವಿಸಿ ಆಗುತ್ತದೆ. ಹಾಗಂತ ಸತ್ತ ಜನ ಎದ್ದು ಬರುವುದಿಲ್ಲ. ಗೇಮ್ ಆ ಲೆಕ್ಕವನ್ನು ಮನ್ನಾ ಮಾಡುವುದೂ ಇಲ್ಲ. ಇದೇ ನನಗೆ ದೊಡ್ಡದಾಗಿ ಕಾಣುವುದು.

ಎದ್ದ ಮೇಲೆ ಲ್ಯೂಕ್ ತನ್ನ ಉದ್ದ ಕೂದಲು ಕತ್ತರಿಸಿಕೊಂಡು, ಬದಲಾಗುತ್ತೇನೆ ಅನ್ನುತ್ತಾನೆ. ಅಲ್ಲಿಂದ ಮುಂದೆ ಎಷ್ಟು ಸಲ ಕ್ಷಮೆ ಕೇಳುತ್ತಾನೆ ಅಂದರೆ, ಸಾಕು ಮಾರಾಯ ಅನ್ನಿಸುತ್ತದೆ. ಹಳೆಯ ಒರಟನೇ ಸ್ವಲ್ಪ ವಾಸಿಯಿದ್ದ.

ನನ್ನ ನಿಜವಾದ ತಕರಾರು ಜೊತೆಯವರ ಮೇಲೆ. ಆ ದುರಂತದ ಬೆನ್ನಿಗೇ ಎಲ್ಲರೂ ಅವನಿಂದ ಕೈ ತೊಳೆದುಕೊಳ್ಳುತ್ತಾರೆ. ಪಕ್ಕದಲ್ಲಿ ಉಳಿಯುವುದು ಅವನಿಂದ ಬೈಸಿಕೊಳ್ಳುತ್ತಿದ್ದ ಮ್ಯೂ. ಗೆಳೆಯ ಗೈ ಆಮೇಲೆ ವಾಪಸು ಬಂದು ಅವನಿಗಾಗಿ ಕಾಯುತ್ತಾನೆ, ಅದು ಅವನ ದೊಡ್ಡತನ. ಆದರೆ ಜೊತೆಯವರಲ್ಲೇ ಇನ್ನೊಬ್ಬ, ಜೇಡ್? ನಕಲು ಮಾಡುವ ವಿದ್ಯೆ ಕಂಡುಹಿಡಿದವನೇ ಅವನು. ಲ್ಯೂಕ್ ಬಗ್ಗೆ ಅನುಮಾನ ಬಂದರೂ ಬಾಯಿ ಬಿಡಲಿಲ್ಲ. ಮಾತು ನಯ, ತಲೆ ಚುರುಕು, ಅದಕ್ಕೇ ಅಭಿಮಾನಿಗಳಿಗೆ ಅವನೆಂದರೆ ಪ್ರಾಣ. ಗೊತ್ತಿದ್ದೂ ಸುಮ್ಮನಿದ್ದವನನ್ನು ಮೆಚ್ಚಿಕೊಂಡು, ಗೊತ್ತಿಲ್ಲದೆ ಹಾಳುಮಾಡಿದವನಿಗೆ ಉಗಿಯುತ್ತೇವೆ.

ಒಪ್ಪದವರು ಈಗ ಜಗಳಕ್ಕೆ ಬರಬಹುದು, ಪ್ರಶ್ನೆಗಳಿಗೆ ಸಮಯವಿದೆ. ಕೊನೆಯ ದೃಶ್ಯದಲ್ಲಿ ವಾಪಸು ಬಂದವನು ಲ್ಯೂಕೋ ಆಶೋ ಅಂತ ಮಾತ್ರ ಕೇಳಬೇಡಿ. ಅದನ್ನು ಶುರುಮಾಡಿದರೆ ಇವತ್ತು ಯಾರೂ ಮನೆಗೆ ಹೋಗುವುದಿಲ್ಲ.