ಕಾಫಿ ಕಣದಲ್ಲಿ ನಿಂತು ಲಿಂಕ್ಡ್‌ಇನ್ ಬಗ್ಗೆ | ಆಲ್ದೂರು ವ್ಲಾಗ್

ನಮಸ್ಕಾರ, ಬನ್ನಿ ಬನ್ನಿ. ಆಲ್ದೂರು ಹತ್ರ ನಮ್ಮಪ್ಪ ರೈಟರ್, ಅಂದ್ರೆ ಲೆಕ್ಕ-ಕೆಲಸ ನೋಡ್ಕೊಳ್ಳೋರು, ಆಗಿರೋ ತೋಟ ಇದು. ಜನವರಿ, ಕಣದ ತುಂಬ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಹೊಟ್ಟು ಇನ್ನೂ ಇರೋ ಕಾಫಿ ಬೀಜ. ತೇವಾಂಶ ನೂರಕ್ಕೆ 10ಕ್ಕೆ ಇಳಿಯೋ ತನಕ ಹೀಗೆ ಕೈ ಆಡಿಸ್ತಾನೇ ಇರ್ಬೇಕು. ಆ ಮೂಲೇಲಿ ಸಿಲ್ವರ್ ಮರದ ಕೆಳಗೆ ಫೋನ್ ಹಿಡ್ಕೊಂಡು ನಿಂತಿರೋದು ನಾನು. ಇಡೀ ತೋಟದಲ್ಲಿ ಸಿಗ್ನಲ್ ಸಿಗೋದು ಅಲ್ಲೊಂದೇ ಕಡೆ.

ಊರಲ್ಲಿ ಕೂತ್ಕೊಂಡು ಲಿಂಕ್ಡ್‌ಇನ್‌ನಿಂದ, ಅಂದ್ರೆ ಕೆಲಸ, ಕೆಲಸದವರ ಪರಿಚಯ ಹುಡುಕೋ ಆ ಆ್ಯಪ್‌ನಿಂದ, ಏನು ಪ್ರಯೋಜನ ಅಂತ ಕೇಳಿದ್ರಿ. ಅಕೌಂಟ್ ಮಾಡೋದು ಸ್ಕ್ರೀನಲ್ಲೇ ಓಡ್ತಿದೆ, ನೋಡ್ಕೊಳ್ಳಿ. ಹೆಸರಿನ ಕೆಳಗೆ ಒಂದು ಸಾಲು ಬರುತ್ತಲ್ಲ, ಹೆಡ್‌ಲೈನ್, ಅಲ್ಲಿ ಮಾತ್ರ ಅವಸರ ಬೇಡ. 220 ಅಕ್ಷರದ ಜಾಗ ಇದೆ. 'ಕೆಲಸ ಹುಡುಕ್ತಿದ್ದೀನಿ' ಅಂತಷ್ಟೇ ಹಾಕಿದ್ರೆ ನೀವು ಯಾರ ಕಣ್ಣಿಗೂ ಬೀಳಲ್ಲ, ಕೆಲಸ ಕೊಡೋರು ಆ ಮಾತು ಹಾಕಿ ಹುಡುಕಲ್ಲ. ನಾನು ಬರೆದಿರೋದು: ಬಿ.ಎಸ್ಸಿ., ಅರೇಬಿಕಾ ಸಂಸ್ಕರಣೆ, ತೇವಾಂಶ ಪರೀಕ್ಷೆ, ಗ್ರೇಡಿಂಗ್, ಚಿಕ್ಕಮಗಳೂರು. ಇಂಗ್ಲಿಷಲ್ಲಿ ಹಾಕಿ. ಅಪ್ಪನ ಜೊತೆ ಕಣದಲ್ಲಿ ಮಾಡಿದ್ದನ್ನ ಅನುಭವ ಅಂತ ಬರೆಯೋಕೆ ನಂಗೆ ತುಂಬ ಸಂಕೋಚ ಇತ್ತು. ಬರೀರಿ. ಅದೂ ಕೆಲಸಾನೇ.

ಈಗ ಹೋದ ಆಗಸ್ಟ್ ಕಥೆ. ಮಳೆ, ಮೂರು ದಿನದಿಂದ ಕರೆಂಟಿಲ್ಲ. ಬೆಂಗಳೂರಿನ ಕಾಫಿ ಕಂಪನಿ ಎಚ್‌ಆರ್ ಅಂತ ಒಬ್ಬರ ಮೆಸೇಜು. ಇಂಟರ್‌ವ್ಯೂ ಪೂರ್ತಿ ವಾಟ್ಸಾಪ್ ಚಾಟಲ್ಲಿ, ಮುಖ ನೋಡಿಲ್ಲ, ದನಿ ಕೇಳಿಲ್ಲ. ಸಂಜೆಗೆ ಸೀಲ್ ಹಾಕಿದ ಆಫರ್ ಲೆಟರ್. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ರು. ಮಾರನೇ ದಿನ 'ದಾಖಲೆ ಪರಿಶೀಲನೆಗೆ 3,500 ರೂಪಾಯಿ, ಮೊದಲ ಸಂಬಳದಲ್ಲಿ ವಾಪಸ್' ಅಂದ್ರು. ಕಳಿಸಿದೆ. ಅದರ ಮಾರನೇ ದಿನ ಲ್ಯಾಪ್‌ಟಾಪ್ ಡಿಪಾಸಿಟ್ 8,000. ಅಪ್ಪನ ಹತ್ರ ಕೇಳಿದೆ. 'ಅಲ್ಲ ಮಗಾ, ಕೆಲಸ ಕೊಡೋರು ನಮ್ಮ ಹತ್ರ ಯಾಕೆ ದುಡ್ಡು ಕೇಳ್ತಾರೆ?' ಅಂದ್ರು ಅಷ್ಟೇ. ನಂಗೆ ಕೈಕಾಲು ತಣ್ಣಗಾಯ್ತು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಆ ದುಡ್ಡು ಇನ್ನೂ ಬಂದಿಲ್ಲ. 3,500 ಅಂದ್ರೆ ನಮ್ಮನೇಲಿ ಒಂದು ತಿಂಗಳ ದಿನಸಿ. ಅದಕ್ಕಿಂತ ಹೆಚ್ಚಾಗಿ ಆ ದೀಪ ನೆನಪಾದ್ರೆ ಈಗ್ಲೂ ಸಿಟ್ಟು ಬರುತ್ತೆ.

ಅದಕ್ಕೇ ಇದನ್ನ ನಿಧಾನಕ್ಕೆ ತೋರಿಸ್ತಿದ್ದೀನಿ. ಯಾರೇ ಮೆಸೇಜ್ ಮಾಡಲಿ, ಅವರ ಪ್ರೊಫೈಲಲ್ಲಿ ಮೋರ್ ಒತ್ತಿ, ಅಬೌಟ್ ದಿಸ್ ಪ್ರೊಫೈಲ್ ತೆಗೀರಿ. ಯಾವಾಗ ಸೇರಿದ್ದಾರೆ ಅಂತ ಇರುತ್ತೆ. ನಂಗೆ ಮೋಸ ಮಾಡಿದ ಆ ಎಚ್‌ಆರ್ ಅದೇ ಆಗಸ್ಟಲ್ಲಿ ಸೇರಿದ್ದ! ಅರ್ಧ ನಿಮಿಷದ ಕೆಲಸ, ನಾನು ನೋಡಿರ್ಲಿಲ್ಲ. ದುಡ್ಡು ಕಳಿಸಿಬಿಟ್ಟಿದ್ರೆ ನಾಚ್ಕೊಂಡು ಕೂರ್ಬೇಡಿ, ತಕ್ಷಣ 1930. ಎಷ್ಟು ಬೇಗ ಹೇಳ್ತೀರೋ ಆ ದುಡ್ಡನ್ನ ತಡೆಹಿಡಿಯೋ ಸಾಧ್ಯತೆ ಅಷ್ಟು ಜಾಸ್ತಿ.

ಫೋಟೋ ಸುತ್ತ ಬರೋ ಹಸಿರು ಪಟ್ಟಿ, ಓಪನ್ ಟು ವರ್ಕ್, ಅಂದ್ರೆ ಕೆಲಸಕ್ಕೆ ಸಿದ್ಧ ಅಂತ ತೋರಿಸೋದು, ಅದು ಬೇಡವೇ ಬೇಡ ಅಂತ ಹಿಂದೆ ಹೇಳಿದ್ದೆ. ಆ ಮಾತು ವಾಪಸ್ ತಗೊಳ್ತೀನಿ. ಕೆಲಸ ಇಲ್ದೇ ಇರೋರು ಧೈರ್ಯವಾಗಿ ಹಾಕಿ. ಈಗಾಗಲೇ ಎಲ್ಲೋ ಕೆಲಸದಲ್ಲಿದ್ದೀರಾ? ರಿಕ್ರೂಟರ್‌ಗಳಿಗೆ, ಅಂದ್ರೆ ಕೆಲಸಕ್ಕೆ ಜನ ಹುಡುಕೋರಿಗೆ, ಮಾತ್ರ ಕಾಣೋ ಆಯ್ಕೆ ಇದೆ, ಅದನ್ನ ಒತ್ತಿ.

ಈ ಗೋಣಿಚೀಲ ನೋಡಿ, ಚೆನ್ನಾಗಿದೆ ಅಲ್ವಾ? ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಎರಡಕ್ಕೂ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಇಂಥ ಊರಿನದ್ದೇ ಅನ್ನೋ ಗುರುತು, ಸಿಕ್ತು. ಬೀಜಕ್ಕೆ ಹೆಸರಿದೆ, ಅದನ್ನ ಒಣಗಿಸೋ ಮಕ್ಕಳಿಗೆ ಮುಂದೆ ಯಾವ ಓದಿದೆ, ಯಾವ ಕೆಲಸ ಇದೆ ಅಂತ ಹೇಳೋರಿಲ್ಲ. ನಂಗೆ ನಿಜವಾಗ್ಲೂ ಬೇಜಾರಾಗೋದು ಇದಕ್ಕೇ... ಅಯ್ಯೋ, ಶಾಟ್ ಮುಗೀತಿದೆ.

ಬೇಗ ಹೇಳ್ತೀನಿ. ನಿಮ್ಮ ಕಾಲೇಜಿನ ಪೇಜಿಗೆ ಹೋಗಿ, ಅಲುಮ್ನೈ, ಅಂದ್ರೆ ಹಳೇ ವಿದ್ಯಾರ್ಥಿಗಳು, ಅಂತ ಇರೋದನ್ನ ಒತ್ತಿ. ಯಾರು ಎಲ್ಲಿದ್ದಾರೆ, ಏನ್ ಮಾಡ್ತಿದ್ದಾರೆ, ಎಲ್ಲ ಬರುತ್ತೆ. ಅಲ್ಲಿ ಕಾಫಿ ಅಂತ ಹಾಕಿ ಹುಡುಕಿದ್ದಕ್ಕೆ ನಂಗೆ ನಮ್ಮ ಕಾಲೇಜಿನ ಅಕ್ಕ ಒಬ್ಬರು ಸಿಕ್ಕಿದ್ರು. ಪರಿಚಯ ಮಾಡ್ಕೊಳ್ಳೋಕೆ ಕಳಿಸೋ ರಿಕ್ವೆಸ್ಟ್ ಜೊತೆ ನೋಟ್ ಬರೆಯೋಕೆ ಪುಕ್ಕಟೆ ಅಕೌಂಟಲ್ಲಿ 200 ಅಕ್ಷರ, ಅದೂ ತಿಂಗಳಿಗೆ ಕೆಲವೇ ಕೆಲವು. ಅದನ್ನ 'ಕೆಲಸ ಕೊಡಿಸಿ' ಅನ್ನೋಕೆ ಖರ್ಚು ಮಾಡ್ಬೇಡಿ. ನಾನು 'ಅಕ್ಕಾ, ಕಪ್ಪಿಂಗ್ ಕಲಿಯೋಕೆ ನೀವು ಏನು ಓದಿದ್ರಿ?' ಅಂತ ಒಂದೇ ಪ್ರಶ್ನೆ ಕೇಳಿದ್ದು. ಕಪ್ಪಿಂಗ್ ಅಂದ್ರೆ ಕಾಫಿ ರುಚಿ, ವಾಸನೆ ನೋಡಿ ಗುಣಮಟ್ಟ ಅಳೆಯೋದು. ಒಂಬತ್ತು ದಿನ ಬಿಟ್ಟು ಉತ್ತರ ಬಂತು. ಕಾಫಿ ಬೋರ್ಡಿನಲ್ಲಿ ಕಾಫಿ ಗುಣಮಟ್ಟ ನಿರ್ವಹಣೆಗೆ ಅಂತಲೇ ಸ್ನಾತಕೋತ್ತರ ಡಿಪ್ಲೊಮಾ ಇದೆಯಂತೆ. ಸಂಶೋಧನಾ ಸಂಸ್ಥೆ ಇಲ್ಲೇ ಬಾಳೆಹೊನ್ನೂರಲ್ಲಿದೆ, 1925ರದ್ದು, ಬಸ್ಸಲ್ಲಿ ಎಷ್ಟು ಸಲ ಅದರ ಮುಂದೇನೇ ಹೋಗಿದ್ದೀನಿ! ಈ ಸಲ ಅರ್ಜಿ ಹಾಕ್ತೀನಿ.

ಇಲ್ಲಿ ಅಪ್ಪ ಕೂಗಿದ್ದು ಕೇಳಿಸ್ತಾ? ಇಬ್ಬನಿ ಬೀಳೋ ಹೊತ್ತಾಯ್ತು. ರಾಶಿ ಮಾಡಿ ಟಾರ್ಪಲ್ ಎಳೀಬೇಕು. ಬರ್ತೀನಿ.