ಸಾವಯವ ಮಸಾಲೆ ಕೊಳ್ಳುವುದಾದರೆ ಮೆಣಸಿನಕಾಯಿಯಿಂದ ಶುರು ಮಾಡಿ

[ಮೇಜಿನ ಮೇಲೆ ಒಣಮೆಣಸಿನಕಾಯಿ, ಅರಿಶಿನ ಕೊಂಬು, ಕಾಳುಮೆಣಸು]

ಎಲ್ಲರಿಗೂ ನಮಸ್ಕಾರ. ಸಾವಯವ ಮಸಾಲೆಗೆ ಜಾಸ್ತಿ ದುಡ್ಡು ಕೊಡಬೇಕಾ, ಕೊಟ್ಟರೆ ಯಾವುದಕ್ಕೆ ಕೊಡಬೇಕು? ಇವತ್ತಿನ ವಿಷಯ ಇಷ್ಟೇ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಯ ಎಲ್ಲ ಡಬ್ಬಿಗಳನ್ನೂ ಒಂದೇ ಸಲ ಬದಲಿಸಲು ಹೋಗಬೇಡಿ. ಒಣಮೆಣಸಿನಕಾಯಿಯಿಂದ ಶುರು ಮಾಡಿ. ಪುಡಿ ಬೇಡ, ಇಡೀ ಕಾಯಿ ತನ್ನಿ.

ಮೆಣಸಿನಕಾಯಿಯೇ ಯಾಕೆ? ಈ ಗಿಡಕ್ಕೆ ಕೀಟದ ಕಾಟ ಜಾಸ್ತಿ. ಥ್ರಿಪ್ಸ್ ನುಸಿ ಬಿದ್ದರೆ ಎಲೆ ಮುದುರಿ ಮುಟುರು ರೋಗ ಬರುತ್ತದೆ, ಗಿಡ ಏಳುವುದೇ ಇಲ್ಲ. 2021ರಲ್ಲಿ ಕಪ್ಪು ಥ್ರಿಪ್ಸ್ ಬಂದಾಗ ಆಂಧ್ರ, ತೆಲಂಗಾಣದಲ್ಲಿ ಹೊಲಕ್ಕೆ ಹೊಲವೇ ಹಾಳಾಯಿತು, ನಮ್ಮ ರಾಜ್ಯಕ್ಕೂ ಬಿಸಿ ತಟ್ಟಿತು. ಸಾಲ ಮಾಡಿ ಬೆಳೆ ಇಟ್ಟ ರೈತ ಔಷಧಿ ಹೊಡೆಯದೆ ಇನ್ನೇನು ಮಾಡುತ್ತಾನೆ ಹೇಳಿ, ಅವನನ್ನು ಬೈದು ಪ್ರಯೋಜನವಿಲ್ಲ. ಆದರೆ ಆ ಕಾಯಿಯನ್ನು ನಾವು ಸಿಪ್ಪೆ ತೆಗೆಯುವುದಿಲ್ಲ, ಹೆಚ್ಚಿನವರು ತೊಳೆಯುವುದೂ ಇಲ್ಲ, ಹಾಗೇ ಹುರಿದು ಪುಡಿ ಮಾಡಿ ಸಾರು, ಹುಳಿ, ಪಲ್ಯ, ಚಟ್ನಿಪುಡಿ ಅಂತ ದಿನಾ ಮನೆಮಂದಿಗೆಲ್ಲ ಬಡಿಸುತ್ತೇವೆ. ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಮೆಣಸಿನಕಾಯಿ ಖರ್ಚಾಗುತ್ತದೆ ಅಂತ ಒಮ್ಮೆ ನೋಡಿ. ಏಲಕ್ಕಿ ತೋಟದಲ್ಲೂ ಥ್ರಿಪ್ಸ್, ಕಾಂಡಕೊರಕ ಅಂತ ಸಿಂಪಡಣೆ ಜಾಸ್ತಿಯೇ. ಆದರೆ ಏಲಕ್ಕಿ ನಮಗೆ ಬೇಕಾಗುವುದು ಸ್ವಲ್ಪ, ಹಾಗಾಗಿ ಅದನ್ನು ಎರಡನೆಯದಾಗಿ ಬದಲಿಸಿದರೆ ಸಾಕು.

ಈಗ ಒಂದು ವಿಷಯ ಬಿಡಿಸಿ ಹೇಳಬೇಕು. ಕಲಬೆರಕೆ ಬೇರೆ, ಕೀಟನಾಶಕ ಬೇರೆ. ಕಲಬೆರಕೆಯನ್ನು ಮನೆಯಲ್ಲೇ ಸುಮಾರಾಗಿ ಹಿಡಿಯಬಹುದು. ಕೀಟನಾಶಕದ ಅಂಶವನ್ನು ಕಣ್ಣಲ್ಲಿ ನೋಡಿ, ಮೂಸಿ, ನೀರಲ್ಲಿ ಹಾಕಿ ಹಿಡಿಯಲು ಆಗುವುದಿಲ್ಲ. ಅದಕ್ಕೆ ಲ್ಯಾಬ್ ಬೇಕು. "ನೀರಿಗೆ ಹಾಕಿ ನೋಡಿ, ಸಾವಯವ ಹೌದೋ ಅಲ್ಲವೋ ತಿಳಿಯುತ್ತದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿ ನಮಗಿರುವ ದಾರಿ ಪ್ಯಾಕೆಟ್ ಓದುವುದು.

[ಪ್ಯಾಕೆಟ್ ಹಿಂಬದಿ, ಹತ್ತಿರದಿಂದ]

ಮುಂಬದಿಯ ಹಸಿರು ಬಣ್ಣ, ಎತ್ತಿನಗಾಡಿ ಚಿತ್ರ, "ನ್ಯಾಚುರಲ್", "ಕೆಮಿಕಲ್ ಫ್ರೀ" ಇವು ಯಾವುದೂ ಪ್ರಮಾಣ ಅಲ್ಲ. ತಿರುಗಿಸಿ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಎಲ್ಲ ಆಹಾರಕ್ಕೂ ಇರುತ್ತದೆ, ಅದನ್ನು ನೋಡಿ ಸಾವಯವ ಅಂದುಕೊಳ್ಳಬೇಡಿ. ಹುಡುಕಬೇಕಾದದ್ದು ಸಾವಯವಕ್ಕೆ ಅಂತಲೇ ಇರುವ ಸರ್ಕಾರದ ಲೋಗೋ, "ಜೈವಿಕ್ ಭಾರತ್" ಅಂಥದ್ದು. ಅದರ ಜೊತೆ "ಇಂಡಿಯಾ ಆರ್ಗ್ಯಾನಿಕ್" ಅಂತ ಇದ್ದರೆ ಹೊರಗಿನ ಪ್ರಮಾಣೀಕರಣ ಸಂಸ್ಥೆ ಬಂದು ತಪಾಸಣೆ ಮಾಡಿದೆ ಎಂದರ್ಥ. "ಪಿಜಿಎಸ್ ಇಂಡಿಯಾ ಆರ್ಗ್ಯಾನಿಕ್" ಅಂತ ಇದ್ದರೆ ರೈತರ ಗುಂಪು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿಪಡಿಸಿದೆ. "ಪಿಜಿಎಸ್ ಇಂಡಿಯಾ ಗ್ರೀನ್" ಅಂದರೆ ಜಮೀನು ಇನ್ನೂ ಬದಲಾಗುವ ಹಂತದಲ್ಲಿದೆ. ಯಾಕೆಂದರೆ ಇವತ್ತು ಔಷಧಿ ನಿಲ್ಲಿಸಿದರೆ ನಾಳೆಯೇ ಸಾವಯವ ಆಗುವುದಿಲ್ಲ. ಮೆಣಸಿನಕಾಯಿಯಂಥ ವರ್ಷದ ಬೆಳೆಗೆ ಸಾಮಾನ್ಯವಾಗಿ 2 ವರ್ಷ, ಕಾಳುಮೆಣಸು, ಏಲಕ್ಕಿಯಂಥ ತೋಟದ ಬೆಳೆಗೆ 3 ವರ್ಷ ಬೇಕು. ಅಷ್ಟು ದಿನ ಇಳುವರಿ ಕಡಿಮೆ, ರೇಟು ಮಾಮೂಲಿ. ಆ ಹೊತ್ತಿನಲ್ಲಿ ರೈತನ ಕೈ ಹಿಡಿಯುವವರು ಬೇಕು, ಹಾಗಾಗಿ ಗ್ರೀನ್ ಗುರುತಿನ ಮಾಲನ್ನೂ ನಾನು ಖುಷಿಯಿಂದಲೇ ಕೊಳ್ಳುತ್ತೇನೆ.

ಚಿಕ್ಕ ಬೆಳೆಗಾರರು ನೇರವಾಗಿ ನಿಮಗೇ ಮಾರುವಾಗ ಈ ಪ್ರಮಾಣಪತ್ರ ಕಡ್ಡಾಯವಲ್ಲ. ಅಂಥವರ ಹತ್ತಿರ ಮಾತಾಡಿ. ನುಸಿ ಬಂದರೆ ಏನು ಹೊಡೆಯುತ್ತೀರಿ, ಪಕ್ಕದ ಹೊಲದವರು ಏನು ಬೆಳೆಯುತ್ತಾರೆ, ಎಲ್ಲಿ ಒಣಗಿಸುತ್ತೀರಿ ಅಂತ ಕೇಳಿ. ನಿಜವಾಗಿ ಮಾಡುವವರು ಬೇವಿನ ಬೀಜದ ಕಷಾಯ, ಅಂಟು ಬಲೆ, ಮಿಶ್ರ ಬೆಳೆ ಅಂತ ಗಂಟೆಗಟ್ಟಲೆ ಹೇಳುತ್ತಾರೆ.

[ಒಂದು ಬ್ಯಾಡಗಿ ಮೆಣಸಿನಕಾಯಿ ಕೈಯಲ್ಲಿ]

ಸರಿ, ಕಾಯಿ ನೋಡೋಣ. ಇದು ಹಾವೇರಿ ಜಿಲ್ಲೆಯ ಬ್ಯಾಡಗಿ, 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿದ ಕಾಯಿ. ಕಡ್ಡಿ ಅಂದರೆ ಉದ್ದ, ತೆಳ್ಳಗೆ, ಬೀಜ ಕಡಿಮೆ. ಡಬ್ಬಿ ಅಂದರೆ ಗಿಡ್ಡ, ದಪ್ಪ. ಎರಡಕ್ಕೂ ಮೈತುಂಬ ಸುಕ್ಕು, ಗಾಢ ಕೆಂಪು, ಖಾರ ಕಡಿಮೆ. ಮಾರುಕಟ್ಟೆಯಲ್ಲಿ ಇದೇ ಥರ ಕಾಣುವ ಹೈಬ್ರಿಡ್ ಕಾಯಿಗಳೂ ಬ್ಯಾಡಗಿ ಹೆಸರಲ್ಲಿ ಬರುತ್ತವೆ, ಕೇಳಿ ಕೊಳ್ಳಿ.

ಈಗ ಅಲ್ಲಾಡಿಸಿ. ಬೀಜ ಗಿಲಗಿಲ ಅನ್ನಬೇಕು. ಮಡಚಿದರೆ ಚರ್ಮದ ಹಾಗೆ ಬಗ್ಗುತ್ತಿದೆ ಅಂದರೆ ಒಳಗೆ ತೇವ ಇದೆ. ತೂಕ ಬರಲಿ ಅಂತ ನೀರು ಚಿಮುಕಿಸುವವರೂ ಇದ್ದಾರೆ. ತೊಟ್ಟು ಕಿತ್ತು ಉದ್ದಕ್ಕೆ ಸೀಳಿ ನೋಡಿ. ಒಳಗೋಡೆಯಲ್ಲಿ, ಬೀಜದ ಸುತ್ತ ಬೂದಿ ಬಣ್ಣದ ಅಥವಾ ಕಪ್ಪು ಬೂಸ್ಟು ಕಂಡರೆ ಆ ಕಾಯಿ ಎಸೆಯಿರಿ. ಹೊರಗೆ ನೋಡಿದರೆ ಗೊತ್ತೇ ಆಗುವುದಿಲ್ಲ. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಸಾವಯವ ಕಾಯಿಗೂ ಬೂಸ್ಟು ಬರುತ್ತದೆ ಅನ್ನುವುದು ನೆನಪಿರಲಿ. ಪುಡಿ ಕೊಂಡರೆ ಈ ಪರೀಕ್ಷೆ ಮಾಡುವ ಅವಕಾಶವೇ ಇಲ್ಲ ಅಲ್ವಾ, ಅದಕ್ಕೇ ನಾನು ಇಡೀ ಕಾಯಿ ಅನ್ನುವುದು.

ಪುಡಿ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಾಪುರದವರು ನಮ್ಮ ದೇಶದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆ ಅಂತ ತಡೆದರು. ಸೂಕ್ಷ್ಮಜೀವಿ ಸಾಯಲಿ ಅಂತ ಮಸಾಲೆಗೆ ಹಾಯಿಸುವ ಅನಿಲ ಅದು. ಸಾವಯವ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ.

ಇನ್ನು ಮನೆಯಲ್ಲೇ ಹಿಡಿಯಬಹುದಾದ ಕಲಬೆರಕೆಗೆ ಬರೋಣ. ಅರಿಶಿನದ ಕೊಂಬು ಕೊಳ್ಳುವಾಗ ಫಳಫಳ ಹಳದಿಗೆ ಮರುಳಾಗಬೇಡಿ. ಒಂದು ಲೋಟ ನೀರಿಗೆ ಕೊಂಬು ಹಾಕಿ ಸುಮ್ನೆ ಬಿಡಿ. ತಕ್ಷಣ ಹಳದಿ ಬಿಟ್ಟರೆ ಮೇಲೆ ಲೆಡ್ ಕ್ರೋಮೇಟ್ ಅನ್ನುವ ಹಳದಿ ಬಣ್ಣ ಬಳಿದಿರಬಹುದು, ಅದರಲ್ಲಿ ಸೀಸ ಇರುತ್ತದೆ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಕಾಳುಮೆಣಸನ್ನೂ ನೀರಿಗೆ ಹಾಕಿ. ಗಟ್ಟಿ ಕಾಳು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಕಾಳೂ ತೇಲುತ್ತದೆ, ಹಾಗಾಗಿ ತೇಲಿದ್ದನ್ನು ಒಡೆದು ಮೂಸಿ ನೋಡಿ.

ಉಪ್ಪಿಗೆ ಸಾವಯವ ಅಂತ ದುಡ್ಡು ಕೊಡಬೇಡಿ, ಅದು ಹೊಲದಲ್ಲಿ ಬೆಳೆಯುವ ವಸ್ತುವೇ ಅಲ್ಲ. ಇಂಗು ಬಹುತೇಕ ಹೊರದೇಶದ ಅಂಟು, ಜೊತೆಗೆ ಹಿಟ್ಟು ಸೇರಿಸಿರುತ್ತಾರೆ. ಅಲ್ಲಿ ಯಾವ ಹಿಟ್ಟು, ಎಷ್ಟು ಇಂಗು ಅನ್ನುವುದನ್ನು ಮಾತ್ರ ಓದಿ.

ಕೊಳ್ಳುವ ಕಾಲ ಫೆಬ್ರವರಿ, ಮಾರ್ಚ್. ಹೊಸ ಮೆಣಸಿನಕಾಯಿ, ಹೊಸ ಕಾಳುಮೆಣಸು ಆಗಲೇ ಬರುವುದು. ಇಡೀ ವರ್ಷಕ್ಕೆ ಬೇಕಾದಷ್ಟು ತಂದು, ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ತೊಟ್ಟು ತೆಗೆಯದೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಸಾರಿನ ಪುಡಿಗೆ ಒಂದು ತಿಂಗಳಿಗೆ ಆಗುವಷ್ಟು ಕಾಯಿ ಮಾತ್ರ ಹೊರಗೆ ತೆಗೆಯಿರಿ, ಮಳೆಗಾಲದಲ್ಲಿ ಇನ್ನೂ ಕಡಿಮೆ.