ಟೈಲ್ಸ್ ಎಷ್ಟು ಗಟ್ಟಿ? ಸರಾಸರಿ ಬಿಡಿ, ವೈಬುಲ್ ಲೆಕ್ಕ ಹಾಕಿ

[ದೃಶ್ಯ: ಹಾಸನದ ಬಿ.ಎಂ. ರಸ್ತೆಯ ಟೈಲ್ಸ್ ಅಂಗಡಿ. ಒಂದೇ ಬಾಕ್ಸಿನಿಂದ ಎರಡು ಟೈಲ್ಸ್ ಹೊರಗೆ ಬರುತ್ತವೆ.]

ನಿರೂಪಣೆ: ಒಂದೇ ಬಾಕ್ಸು, ಒಂದೇ ಬ್ಯಾಚು. ಆದರೂ ಇವೆರಡೂ ಒಂದೇ ಭಾರಕ್ಕೆ ಮುರಿಯಲ್ಲ. ಕಬ್ಬಿಣದ ಸರಳು ಮುರಿಯೋಕೆ ಮುಂಚೆ ಹಿಗ್ಗುತ್ತೆ. ಸೆರಾಮಿಕ್ ಹಿಗ್ಗಲ್ಲ, ಇರೋದರಲ್ಲೇ ಕೆಟ್ಟ ಬಿರುಕು ಯಾವುದೋ ಅಲ್ಲಿಂದ ಸೀದಾ ಸೀಳುತ್ತೆ. ಇದಕ್ಕೆ ಒಗ್ಗುವ ಲೆಕ್ಕವನ್ನು ಸ್ವೀಡನ್ನಿನ ಎಂಜಿನಿಯರ್ ವಾಲೊಡ್ಡಿ ವೈಬುಲ್ 1939ರಲ್ಲಿ ಕೊಟ್ಟರು.

[ದೃಶ್ಯ: ನೀರು ಹಾಯಿಸುತ್ತಾ ಕಟರ್‌ನಲ್ಲಿ ಪಟ್ಟಿ ಕತ್ತರಿಸುವುದು, ಹತ್ತಿರದಿಂದ]

ವಿಟ್ರಿಫೈಡ್ ಟೈಲ್ಸಿನಿಂದ 20 ಮಿ.ಮೀ. ಅಗಲದ 30 ಪಟ್ಟಿ ಬೇಕು. ಹಿಂಬದಿಯ ಗೆರೆಗಳನ್ನು ಉಜ್ಜಿ ಸಮ ಮಾಡಿ. ಅಂಚಿನ ಚೂಪನ್ನೂ ಸಣ್ಣ ಎಮರಿ ಹಾಳೆಯಲ್ಲಿ ಸವರಿ, ಆದರೆ ಪಟ್ಟಿಯ ಉದ್ದಕ್ಕೆ ಮಾತ್ರ. ಅಡ್ಡಡ್ಡ ಉಜ್ಜಿದರೆ ಆ ಗೀರೇ ಬಿರುಕಾಗಿ, ಟೈಲ್ಸಿನ ಬದಲು ನಿಮ್ಮ ಕೈಕೆಲಸದ ಪರೀಕ್ಷೆ ಆಗುತ್ತೆ! ಆಮೇಲೆ ಓವನ್ನಿನಲ್ಲಿ 110 ಡಿಗ್ರಿಗೆ ಒಣಗಿಸಿ. ಸಕಲೇಶಪುರದ ಕಡೆ ಜುಲೈ ತಿಂಗಳ ಥಂಡಿಯಲ್ಲಿ ಇದನ್ನು ಬಿಡಲೇಬೇಡಿ, ತೇವ ಇದ್ದರೆ ಬಿರುಕು ಕಡಿಮೆ ಭಾರಕ್ಕೇ ಬೆಳೆಯುತ್ತೆ.

[ದೃಶ್ಯ: ಕಾಲೇಜು ಲ್ಯಾಬಿನ ಯುಟಿಎಂ, ಅಂದರೆ ಭಾರ ಹಾಕಿ ಮುರಿದು ನೋಡುವ ಯಂತ್ರ. ಕೆಳಗೆ ಎರಡು ರೋಲರ್, ಮೇಲೆ ಒಂದು]

ಕೆಳಗಿನ ರೋಲರ್‌ಗಳ ನಡುವೆ 80 ಮಿ.ಮೀ. ಅಂತರ. ದಪ್ಪ 8 ಮಿ.ಮೀ. ಇದ್ದು 400 ನ್ಯೂಟನ್‌ಗೆ ಮುರಿದರೆ ಆ ಪಟ್ಟಿಯ ಬಲ:

[ತೆರೆಯ ಮೇಲೆ: 3 × 400 × 80 ÷ (2 × 20 × 8 × 8) = 37.5 ಮೆಗಾಪ್ಯಾಸ್ಕಲ್]

ದಪ್ಪ ಇಲ್ಲಿ ವರ್ಗವಾಗಿ ಬರುತ್ತೆ. 7.8 ಇರೋದನ್ನು 8 ಅಂತ ಬರೆದರೆ ಉತ್ತರ ಶೇ. 5ರಷ್ಟು ತಪ್ಪು. ಹಾಗಾಗಿ ಪ್ರತಿ ಪಟ್ಟಿಗೂ ವರ್ನಿಯರ್ ಹಿಡಿಯಿರಿ.

ಮೂವತ್ತೂ ಮುರಿದ ಮೇಲೆ ಎಕ್ಸೆಲ್‌ನಲ್ಲಿ ಬಲಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಕ್ರಮಸಂಖ್ಯೆಯಿಂದ 0.5 ಕಳೆದು 30ರಿಂದ ಭಾಗಿಸಿದರೆ ಮುರಿಯುವ ಸಂಭವ ಪಿ. ಮೊದಲನೆಯದಕ್ಕೆ 0.017, ಕೊನೆಯದಕ್ಕೆ 0.983.

[ತೆರೆಯ ಮೇಲೆ: ಅಡ್ಡ ಅಕ್ಷ = ಎಲ್‌ಎನ್(ಬಲ); ಲಂಬ ಅಕ್ಷ = ಎಲ್‌ಎನ್(ಎಲ್‌ಎನ್(1 ÷ (1 − ಪಿ)))]

ಎಲ್‌ಎನ್ ಅಂದರೆ ಸಹಜ ಲಾಗರಿದಮ್. ಹೀಗೆ ಗುರುತು ಹಾಕಿದರೆ ಚುಕ್ಕಿಗಳು ಹೆಚ್ಚುಕಡಿಮೆ ನೇರ ಗೆರೆಯಾಗಿ ಕೂರುತ್ತವೆ. ಆ ಗೆರೆಯ ಇಳಿಜಾರೇ ವೈಬುಲ್ ಮಾಡ್ಯುಲಸ್, ಅಂದರೆ ಎಂ. ಇದು ಜಾಸ್ತಿ ಇದ್ದಷ್ಟೂ ಪಟ್ಟಿಯಿಂದ ಪಟ್ಟಿಗೆ ಬಲದ ಏರುಪೇರು ಕಡಿಮೆ. ಶೇ. 63.2 ಪಟ್ಟಿಗಳು ಮುರಿದಿರುವ ಬಲಕ್ಕೆ ವಿಶಿಷ್ಟ ಬಲ ಅಂತಾರೆ.

ಈಗ ಎರಡು ಬ್ರ್ಯಾಂಡ್ ಇವೆ ಅಂದ್ಕೊಳ್ಳಿ. ವಿಶಿಷ್ಟ ಬಲ ಎರಡಕ್ಕೂ 40 ಮೆಗಾಪ್ಯಾಸ್ಕಲ್. ಒಂದರ ಎಂ 5, ಇನ್ನೊಂದರದು 15. ಸರಾಸರಿ 36.7 ಮತ್ತು 38.6, ಅಂಗಡಿಯವರು ಎರಡೂ ಒಂದೇ ಅಂತಾರೆ. ಆದರೆ ನೂರಕ್ಕೆ ಒಂದು ಮುರಿಯುವ ಬಲ ನೋಡಿ: ಮೊದಲನೆಯದಕ್ಕೆ ಸುಮಾರು 16, ಎರಡನೆಯದಕ್ಕೆ 29! ಗಾತ್ರದ್ದೂ ಇದೇ ಕಥೆ. ದೊಡ್ಡ ಟೈಲ್ಸಿನಲ್ಲಿ ಕೆಟ್ಟ ಬಿರುಕು ಸಿಗುವ ಸಂಭವ ಜಾಸ್ತಿ. ಘನಗಾತ್ರ ಹತ್ತು ಪಟ್ಟಾದರೆ, ಎಂ 5 ಇರುವಲ್ಲಿ ಬಲ ಶೇ. 63ಕ್ಕೆ ಇಳಿಯುತ್ತೆ. 15 ಇದ್ದರೆ ಶೇ. 86 ಉಳಿಯುತ್ತೆ.

[ದೃಶ್ಯ: ಮುರಿದ ಮುಖ, ಭೂತಗನ್ನಡಿಯಲ್ಲಿ]

ಗೆರೆ ನಡುವೆ ಸೊಟ್ಟಗಾದರೆ ಬೇಡದ ಚುಕ್ಕಿ ಅಳಿಸಿ ನೇರ ಮಾಡಬೇಡಿ. ಬಹುಶಃ ಎರಡು ಜಾತಿಯ ದೋಷ ಬೆರೆತಿದೆ. ಸೀಳು ಅಂಚಿನ ಚೆಕ್ಕೆಯಿಂದ ಹೊರಟಿದ್ದರೆ ಅದು ಕಟರ್ ಕೆಲಸ, ಒಳಗಿನ ಗಾಳಿಗುಳ್ಳೆಯಿಂದ ಹೊರಟಿದ್ದರೆ ಕಾರ್ಖಾನೆಯದು. ಎರಡನ್ನೂ ಬೇರೆ ಬೇರೆ ಗುರುತು ಹಾಕಿ ಲೆಕ್ಕ ಮಾಡಿ.